ಒಂದೇ ನಾಲೆ ಏರಿ, ಒಂದೇ ಹುಲ್ಲು: ಡಾರ್ಪರ್ ಮಿಶ್ರತಳಿ ಮರಿಗಳಿಗೇ ಜಂತು ಜಾಸ್ತಿ ಯಾಕೆ?

ಪ್ರಶ್ನೆ (ಮದ್ದೂರು ಕಡೆಯ ಕುರಿಗಾರ)

ಎಲ್ಲರಿಗೂ ನಮಸ್ಕಾರ. ಅಪ್ಪನ ಕಾಲದಿಂದ ನಮ್ಮ ಮನೆಯಲ್ಲಿ ಬನ್ನೂರು ಕುರಿಯೇ. ಈಗ ಮರಿಗಳೆಲ್ಲ ಸೇರಿ 32 ಇವೆ. ಮರಿಗಳಿಗೆ ಬೇಗ ತೂಕ ಬರಲಿ ಅಂತ ಎರಡು ವರ್ಷದ ಹಿಂದೆ ಡಾರ್ಪರ್ ಮಿಶ್ರತಳಿಯ ಟಗರು ತಂದೆ. ಮರಿಗಳು ನಿಜಕ್ಕೂ ಚೆನ್ನಾಗಿ ಮೈ ತುಂಬಿಕೊಂಡವು.

ಈ ಮಳೆಗಾಲದಲ್ಲಿ ಅವುಗಳಲ್ಲಿ 4 ಮರಿ ಸತ್ತವು. ಎಲ್ಲವೂ ನಾಲ್ಕು ತಿಂಗಳ ಮರಿಗಳು. ಗದ್ದದ ಕೆಳಗೆ ನೀರು ತುಂಬಿದ ಚೀಲದ ಹಾಗೆ ಊತ. ಕಣ್ಣಿನ ರೆಪ್ಪೆ ಬಿಡಿಸಿದರೆ ಒಳಗೆ ರಕ್ತವೇ ಇಲ್ಲ, ಬೆಳ್ಳಗೆ. ಭೇದಿ ಇರಲಿಲ್ಲ, ಅದಕ್ಕೇ ಜಂತುಹುಳು ಅಂತ ನನಗೆ ಹೊಳೆಯಲಿಲ್ಲ. ಅದೇ ವಯಸ್ಸಿನ ಬನ್ನೂರು ಮರಿಗಳೂ ವಿ.ಸಿ. (ವಿಶ್ವೇಶ್ವರಯ್ಯ) ನಾಲೆ ಏರಿಯ ಮೇಲೇ ಮೇಯ್ದವು. ಅವುಗಳಲ್ಲಿ ಒಂದು ಮಾತ್ರ ಸ್ವಲ್ಪ ಬಿಳಿಚಿಕೊಂಡಿತ್ತು. ಇದು ತಳಿಯ ಗುಣವಾ, ನನ್ನ ತಪ್ಪಾ? ಟಗರನ್ನು ಮಾರಿಬಿಡಲಾ?

ಉತ್ತರ 1 (ಪಶುವೈದ್ಯ)

ನೀವು ಹೇಳಿದ ಲಕ್ಷಣ ಹಿಮೋಂಕಸ್ ಹುಳುವಿನದು. ಕುರಿಯ ನಾಲ್ಕನೇ ಹೊಟ್ಟೆಯಲ್ಲಿ ಕೂತು ರಕ್ತ ಹೀರುತ್ತದೆ. ಒಂದು ಹುಳು ದಿನಕ್ಕೆ ಸುಮಾರು 0.05 ಮಿ.ಲೀ. ಹೀರುತ್ತದೆ ಅಂತ ಲೆಕ್ಕ. ಸಾವಿರ ಹುಳು ಇದ್ದರೆ ದಿನಕ್ಕೆ 50 ಮಿ.ಲೀ. ನಾಲ್ಕು ತಿಂಗಳ ಮರಿ ಅದನ್ನು ಎಷ್ಟು ದಿನ ತಡೆದೀತು? ಒಂದು ಹೆಣ್ಣು ಹುಳು ದಿನಕ್ಕೆ ಸಾವಿರಾರು ಮೊಟ್ಟೆ ಇಡುತ್ತದೆ. ಹಿಕ್ಕೆಯಲ್ಲಿ ಬಿದ್ದ ಮೊಟ್ಟೆ ಬೆಚ್ಚಗಿನ ತೇವದಲ್ಲಿ ಒಂದು ವಾರದೊಳಗೇ ಮರಿಹುಳುವಾಗಿ ಹುಲ್ಲು ಹತ್ತುತ್ತದೆ. ನಾಲೆ ಏರಿ ಅದಕ್ಕೆ ಹೇಳಿ ಮಾಡಿಸಿದ ಜಾಗ.

ತಳಿಯ ವ್ಯತ್ಯಾಸ ಖಂಡಿತ ಇದೆ. ಡಾರ್ಪರ್ ದಕ್ಷಿಣ ಆಫ್ರಿಕಾದ ಒಣ ಸೀಮೆಗೆ ಅಂತ ಬೆಳೆಸಿದ ತಳಿ. ಕೀನ್ಯಾದ ಕರಾವಳಿಯಲ್ಲಿ ಅದನ್ನು ಅಲ್ಲಿನ ಕೆಂಪು ಮಸಾಯಿ ಕುರಿಯ ಜೊತೆ ಸಾಕಿ ನೋಡಿದ್ದಾರೆ. ಮಸಾಯಿ ಮರಿಗಳ ಹಿಕ್ಕೆಯಲ್ಲಿ ಮೊಟ್ಟೆ ಕಡಿಮೆ, ಸಾವೂ ಕಡಿಮೆ. ಇಂಥ ತಳಿಗಳ ಹೊಟ್ಟೆಯ ಒಳಪದರ ಹುಳುವನ್ನು ಬೇಗ ಗುರುತಿಸುತ್ತದೆ, ಬೇಗ ಹೊರಹಾಕುತ್ತದೆ. ಆದರೆ ಯಾವ ತಳಿಯಾದರೂ ಎಳೆ ಮರಿಗೆ ಈ ಶಕ್ತಿ ಇನ್ನೂ ಬಲಿತಿರುವುದಿಲ್ಲ. ಈದ ಕುರಿಯಲ್ಲೂ ಅದು ಸ್ವಲ್ಪ ದಿನ ಕುಗ್ಗುತ್ತದೆ. ಆ ಹೊತ್ತಿಗೆ ಕಡಲೆಕಾಯಿ ಹಿಂಡಿ ಕೊಟ್ಟರೆ ತುಂಬಾ ಅನುಕೂಲ. ಮೇವು ಸಾಲದ ಕುರಿಗೆ ಹುಳುವಿನ ಜೊತೆ ಹೋರಾಡಲು ಏನೂ ಉಳಿದಿರುವುದಿಲ್ಲ.

ಹದಿನೈದು ದಿನಕ್ಕೊಮ್ಮೆ ರೆಪ್ಪೆ ಬಿಡಿಸಿ ನೋಡಿ. ಬಿಳಿಚಿದವಕ್ಕೆ ಮಾತ್ರ ಔಷಧಿ ಕುಡಿಸಿ, ಅದೂ ತೂಕ ನೋಡಿಯೇ. ಎಲ್ಲಕ್ಕೂ ಸುಮ್ನೆ ಪದೇ ಪದೇ ಕುಡಿಸಿದರೆ ಹುಳು ಔಷಧಿಗೇ ಬಗ್ಗದಂತಾಗುತ್ತದೆ.

ಉತ್ತರ 2 (ಚಿಕ್ಕೋಡಿ ಕಡೆಯ ಡೆಕ್ಕನಿ ಕುರಿ ಸಾಕುವವರು)

ಅಣ್ಣ, ಮರಿ ಹೋದ ಸಂಕಟ ನನಗೆ ಗೊತ್ತು. ಸುಂದರಬನದಲ್ಲಿ ಗಾರೋಲ್ ಅಂತ ಪುಟ್ಟ ಕುರಿ ಇದೆ. ಜೌಗು ನೀರಿನಲ್ಲಿ ನಿಂತು ಹುಲ್ಲು ಮೇಯುತ್ತದೆ. ಅವಳಿ ಮರಿಗಾಗಿ ಅದನ್ನು 1990ರ ದಶಕದಲ್ಲಿ ನಮ್ಮ ಪಕ್ಕದ ಮಹಾರಾಷ್ಟ್ರದ ಫಲ್ಟಣಕ್ಕೆ ತಂದರು. ಡೆಕ್ಕನಿ, ಬನ್ನೂರು ಎರಡರ ಜೊತೆಗೂ ಕೂಡಿಸಿದರು. ಗಾರೋಲ್ ರಕ್ತದ ಮರಿಗಳಲ್ಲಿ ಹುಳುವಿನ ಮೊಟ್ಟೆ ಕಡಿಮೆ ಬಂತು. ಆದರೆ ಗಾತ್ರ ಸಣ್ಣದಾಯಿತು. ಒಂದು ಬೇಕೆಂದರೆ ಇನ್ನೊಂದು ಬಿಡಬೇಕು, ಅಲ್ವಾ? ನಾನಾದರೆ ಆ ಟಗರನ್ನು ಮಾರಿಬಿಡುತ್ತೇನೆ.

ಮತ್ತೆ ಮದ್ದೂರಿನಿಂದ

ಇಬ್ಬರಿಗೂ ಕೈಮುಗಿದೆ. ಇವತ್ತು ಬೆಳಿಗ್ಗೆ ಎಲ್ಲ 32ರ ರೆಪ್ಪೆ ಬಿಡಿಸಿ ನೋಡಿದೆ. ಬಿಳಿಚಿದ್ದು 6. ಐದು ಮಿಶ್ರತಳಿ ಮರಿಗಳು, ಇನ್ನೊಂದು ಹೋದ ವಾರ ಈದ ಬನ್ನೂರು ಕುರಿ. ಡಾಕ್ಟರು ಹೇಳಿದ ಹಾಗೇ ಆಯ್ತು. ಆರಕ್ಕೂ ಕಿವಿಗೆ ಕೆಂಪು ದಾರ ಕಟ್ಟಿದ್ದೇನೆ. ನಾಳೆ ಹಿಕ್ಕೆ ತೆಗೆದುಕೊಂಡು ಪಶು ಆಸ್ಪತ್ರೆಗೆ ಹೋಗುತ್ತೇನೆ.

ಟಗರನ್ನು ಈಗಲೇ ಮಾರುವುದಿಲ್ಲ, ಆದರೆ ಕುರಿಗಳಿಂದ ಬೇರೆ ಕಟ್ಟಿದ್ದೇನೆ. ನಮ್ಮಲ್ಲಿ ಒಂದು ಹಳೇ ಬನ್ನೂರು ಕುರಿ ಇದೆ. ಮೂರು ಮಳೆಗಾಲ ಕಳೆದರೂ ಅದಕ್ಕೆ ಗದ್ದ ಊದಿದ್ದು ನಾನು ನೋಡಿಲ್ಲ. ಅದರ ಗಂಡುಮರಿಗೆ ಈಗ ಏಳು ತಿಂಗಳು, ಅದರ ರೆಪ್ಪೆಯೂ ಕೆಂಪಗಿದೆ. ಹಬ್ಬಕ್ಕೆ ಕೊಡಿ ಅಂತ ಒಬ್ಬರು ಕೇಳಿದ್ದರು. ಕೊಡುವುದಿಲ್ಲ ಅಂತ ಈಗಷ್ಟೇ ಫೋನ್ ಮಾಡಿ ಹೇಳಿದೆ.