ನೇತ್ರಾಣಿಯಲ್ಲಿ ದೊಡ್ಡ ಶಾರ್ಕ್ ಎದುರಾದರೆ ಏನು ಮಾಡಬೇಕು?

ಪ್ರಶ್ನೆ (ಶಿರಸಿಯಿಂದ):
ನಾನು ಕಾಲೇಜು ವಿದ್ಯಾರ್ಥಿನಿ. ಡಿಸೆಂಬರ್‌ನಲ್ಲಿ ಮುರುಡೇಶ್ವರದಿಂದ ನೇತ್ರಾಣಿಗೆ ಹೋಗಿ ಮೊದಲ ಬಾರಿಗೆ ಸ್ಕೂಬಾ ಡೈವಿಂಗ್ ಮಾಡಬೇಕೆಂದಿದ್ದೇನೆ. ಅಲ್ಲಿ ಶಾರ್ಕ್‌ಗಳಿವೆಯೆಂದು ಮನೆಯಲ್ಲಿ ಬೇಡವೆನ್ನುತ್ತಿದ್ದಾರೆ. ಶಾರ್ಕ್ ಎದುರಾದವರು ತಮ್ಮ ಅನುಭವವನ್ನು ದಯವಿಟ್ಟು ತಿಳಿಸಿ.

ಉತ್ತರ (ಹೊನ್ನಾವರದಿಂದ):
ನನಗೆ ಎದುರಾಗಿದೆ, ಆದ್ದರಿಂದ ವಿವರವಾಗಿಯೇ ಬರೆಯುತ್ತೇನೆ. ದ್ವೀಪದ ಬಂಡೆಗಳ ಪಕ್ಕ ಸುಮಾರು 15 ಮೀಟರ್ ಆಳದಲ್ಲಿ ನಾವು ನಾಲ್ವರು ಈಜುತ್ತಿದ್ದಾಗ, ಅಲ್ಲಿಯವರೆಗೆ ಸುತ್ತ ಸುಳಿಯುತ್ತಿದ್ದ ಸಣ್ಣ ಮೀನುಗಳೆಲ್ಲ ಒಮ್ಮೆಲೇ ಬಂಡೆಯ ಸಂದಿಗಳಲ್ಲಿ ಅಡಗಿದವು. ತಲೆಯೆತ್ತಿ ನೋಡಿದರೆ ಮಬ್ಬು ನೀರಿನೊಳಗಿಂದ ಮೊಂಡು ಮೂತಿಯ, ದಪ್ಪ ಮೈಯ ಬೂದು ಶಾರ್ಕ್ ಒಂದು ಯಾವ ಅವಸರವೂ ಇಲ್ಲದೆ ಬರುತ್ತಿತ್ತು. ಮೈಕಟ್ಟಿನ ಮೇಲೆ ಅದು ಬುಲ್ ಶಾರ್ಕ್ ಇರಬೇಕೆಂದು ತರಬೇತುದಾರರು ಆಮೇಲೆ ಹೇಳಿದರು. ಕರಾವಳಿಗೆ ಹತ್ತಿರದ ನೀರಿನಲ್ಲಿ ಬದುಕುವ, ನದಿಯ ಸಿಹಿನೀರಿಗೂ ಏರಬಲ್ಲ ಈ ಜಾತಿ 3 ಮೀಟರಿಗಿಂತ ಉದ್ದ ಬೆಳೆಯುತ್ತದೆ. ನನ್ನ ಕಣ್ಣಿಗೆ ಅದು ದೋಣಿಯಷ್ಟು ಉದ್ದ ಕಂಡಿತ್ತು. ಮಾಸ್ಕ್‌ನ ಗಾಜಿನ ಮೂಲಕ ನೋಡುವಾಗ ನೀರಿನಲ್ಲಿರುವುದೆಲ್ಲ ಸುಮಾರು ಮೂರನೇ ಒಂದು ಭಾಗ ದೊಡ್ಡದಾಗಿ ಕಾಣುತ್ತದೆ.

ತರಬೇತುದಾರರು ಅಂಗೈ ತೋರಿಸಿ ನಮ್ಮನ್ನು ನಿಲ್ಲಿಸಿದರು. ಬಂಡೆಗೆ ಬೆನ್ನು ಕೊಟ್ಟು, ಕೈಗಳನ್ನು ಮೈಗೆ ಒತ್ತಿಕೊಂಡು, ಅದರ ಮೇಲಿನ ಕಣ್ಣು ಕೀಳದೆ ಉಸಿರಾಡುತ್ತ ನಿಂತೆವು. ಅದು ಒಮ್ಮೆ ಬಳಸಿ ಬಂದು ತನ್ನ ಪಾಡಿಗೆ ಹೊರಟುಹೋಯಿತು. ನನ್ನ ಪಕ್ಕದವರು ಗಾಬರಿಯಿಂದ ಮೇಲಕ್ಕೆ ಚಿಮ್ಮಲು ಹೊರಟಾಗ ತರಬೇತುದಾರರು ಅವರ ಸಿಲಿಂಡರಿನ ಪಟ್ಟಿ ಹಿಡಿದು ತಡೆದರು. ನಿಜವಾದ ಅಪಾಯ ಇದ್ದದ್ದು ಅಲ್ಲಿಯೇ. 10 ಮೀಟರ್ ಆಳದಲ್ಲಿ ಎದೆಗೆ ತುಂಬಿಕೊಂಡ ಗಾಳಿ ನೀರಿನ ಮೇಲ್ಮೈಗೆ ಬರುವಷ್ಟರಲ್ಲಿ ಎರಡು ಪಟ್ಟು ಹಿಗ್ಗುತ್ತದೆ. ಉಸಿರು ಕಟ್ಟಿಕೊಂಡು ಏರಿದವರ ಶ್ವಾಸಕೋಶ ಹರಿಯಬಹುದು. ನಾವು ನಿಧಾನವಾಗಿ ಏರಿ, 5 ಮೀಟರಿನಲ್ಲಿ 3 ನಿಮಿಷ ತಂಗಿ, ದೋಣಿಯ ಹಗ್ಗದ ಗುಂಟ ಒಟ್ಟಾಗಿಯೇ ಹೊರಬಂದೆವು. ನಿಮ್ಮಂಥ ಹೊಸಬರನ್ನು ತರಬೇತುದಾರರು ಜೊತೆಯಲ್ಲಿಯೇ ಕರೆದೊಯ್ಯುತ್ತಾರೆ, ಅದೂ 12 ಮೀಟರಿನೊಳಗೆ. ಅವರ ಕೈಸನ್ನೆಗಳನ್ನು ದೋಣಿಯಲ್ಲಿಯೇ ಕೇಳಿ ಕಲಿತುಕೊಳ್ಳಿ.

ಉತ್ತರ (ಕಾರವಾರದಿಂದ):
ತಂಗಿ, ನಮ್ಮದು ಬೈತಖೋಲದ ಮೀನುಗಾರರ ಮನೆ. ಕೊಂಕಣಿಯಲ್ಲಿ ನಾವು ಶಾರ್ಕಿಗೆ ಮೋರಿ ಎನ್ನುತ್ತೇವೆ. ಮೈತುಂಬ ಬಿಳಿ ಚುಕ್ಕೆಗಳಿರುವ, ಬಸ್ಸಿನಷ್ಟು ದೊಡ್ಡ ಶಾರ್ಕ್ ಕಂಡರೆ ಹೆದರಬೇಡಿ. ಅದು ತಿಮಿಂಗಿಲ ಶಾರ್ಕ್, ನೀರನ್ನು ಸೋಸಿ ಸೂಕ್ಷ್ಮಜೀವಿಗಳನ್ನೂ ಸಣ್ಣ ಮೀನುಗಳನ್ನೂ ತಿನ್ನುತ್ತದೆ. 2001ರಿಂದ ನಮ್ಮ ದೇಶದಲ್ಲಿ ಅದಕ್ಕೆ ಕಾನೂನಿನ ರಕ್ಷಣೆಯಿದೆ. ಒಮ್ಮೆ ನಮ್ಮ ಬಲೆಗೆ ಸಿಕ್ಕಿಕೊಂಡಾಗ ಅಪ್ಪ ಬಲೆಯನ್ನೇ ಕೊಯ್ದು ಬಿಟ್ಟುಕೊಟ್ಟರು. ಅದನ್ನು ಮುಟ್ಟಬೇಡಿ, ಬಾಲದ ಹೊಡೆತಕ್ಕೆ ಸಿಗದಷ್ಟು ದೂರವಿರಿ. ಇನ್ನೊಂದು ಮಾತು: ಹತ್ತಿರದಲ್ಲಿ ದೋಣಿಯವರು ಮೀನು ಶುಚಿ ಮಾಡಿ ರಕ್ತ, ಕರುಳು ನೀರಿಗೆ ಎಸೆಯುತ್ತಿದ್ದರೆ, ಆ ಜಾಗದಲ್ಲಿ ಯಾರು ಹೇಳಿದರೂ ಇಳಿಯಬೇಡಿ.