ಓಟಕ್ಕೂ ಮನೆಗೂ ಒಂದೇ ಬಟ್ಟೆ ಸಾಕಾ? ಅನುಭವ ಇದ್ದವರು ಹೇಳಿ

ಹೊಸ ಓಟಗಾರ್ತಿ: ದಿನಾ 5 ಕಿಲೋಮೀಟರ್ ಓಡಲು ಶುರು ಮಾಡಿ ಒಂದು ತಿಂಗಳಾಯಿತು. ಬೆವರು ಜಾಸ್ತಿ, ಚರ್ಮ ಬೇಗ ಕೆಂಪಾಗುತ್ತದೆ. ಕಾಟನ್ ತಗೊಳ್ಳಲಾ, ಪಾಲಿಯೆಸ್ಟರಾ? ಆಮೇಲೆ ಮನೆಯಲ್ಲೂ ಅದರಲ್ಲೇ ಇರಬಹುದಾ?

ಮುಂಜಾವಿನ ಓಟ: ಕಾಟನ್ ಬೇಡವೇ ಬೇಡ. ನನ್ನ ಮೊದಲ ಹಾಫ್ ಮ್ಯಾರಥಾನ್ ದಪ್ಪ ಕಾಟನ್ ಟೀ ಶರ್ಟಿನಲ್ಲಿ ಓಡಿದೆ. 8ನೇ ಕಿಲೋಮೀಟರಿಗೆ ಒದ್ದೆಯಾಗಿ ಮೈಗೆ ಅಂಟಿತು. 14ಕ್ಕೆ ಬಟ್ಟೆ ಉಜ್ಜಿ ಎದೆಯ ತೊಟ್ಟು ಉರಿ. ಮುಗಿಸಿ ನೋಡಿದರೆ ಶರ್ಟಿನ ಮೇಲೆ ಎರಡು ರಕ್ತದ ಗೆರೆ ಹೊಟ್ಟೆಯವರೆಗೆ ಇಳಿದಿತ್ತು. ಸ್ನಾನಕ್ಕೆ ನೀರು ಹಾಕಿಕೊಂಡಾಗ ಚೀರಿದೆ. 9 ದಿನ ಅಂಗಿ ತಾಗಿದರೆ ಜೀವ ಹೋದ ಹಾಗಾಗುತ್ತಿತ್ತು. ಸಾಧಾರಣ ಗಾಳಿಯಲ್ಲೇ ಹತ್ತಿ ತನ್ನ ತೂಕದ ಶೇ. 8ರಷ್ಟು ತೇವ ಹಿಡಿದಿರುತ್ತದೆ, ಪಾಲಿಯೆಸ್ಟರ್ ಶೇ. 0.4 ಅಷ್ಟೇ. ಅಂದಿನಿಂದ ಪಾಲಿಯೆಸ್ಟರ್, ಜೊತೆಗೆ ಉಜ್ಜುವ ಕಡೆ ವ್ಯಾಸಲೀನ್.

ನೀಲಿ ಕೊಡೆ: ಅದೇ ಪಾಲಿಯೆಸ್ಟರ್ ಲೆಗ್ಗಿಂಗ್ಸ್ ನನ್ನ 11 ವಾರ ತಿಂದಿತು. ತೊಡೆಸಂದಿಯಲ್ಲಿ ಹುಳುಕಡ್ಡಿ. ಅಂಗಡಿಯವರು ಕೊಟ್ಟ ಮುಲಾಮು ಹಚ್ಚಿದೆ. 3 ದಿನಕ್ಕೆ ತುರಿಕೆ ನಿಂತಿತು, ಆಮೇಲೆ ಅಂಗೈ ಅಗಲ ಹರಡಿತು. ಅದರಲ್ಲಿ ಸ್ಟೀರಾಯ್ಡ್ ಇತ್ತು ಅಂತ ಚರ್ಮದ ಡಾಕ್ಟರು ಹೇಳಿದ ಮೇಲೇ ಗೊತ್ತಾಗಿದ್ದು. ಮಾತ್ರೆ, ರಕ್ತ ಪರೀಕ್ಷೆ, 4 ಲೆಗ್ಗಿಂಗ್ಸ್ ಕಸಕ್ಕೆ. ಅರ್ಧ ತಿಂಗಳ ಸಂಬಳ ಅದಕ್ಕೇ ಹೋಯಿತು. ಈಗ ಸಡಿಲ ಕಾಟನ್ ಪ್ಯಾಂಟ್, ನೆಮ್ಮದಿ.

ಮುಂಜಾವಿನ ಓಟ: ಮೇಡಂ, ಒದ್ದೆ ಬಟ್ಟೆಯಲ್ಲೇ ಕೂತಿದ್ದರೆ ಕಾಟನ್ ಆದರೂ ಅಷ್ಟೇ. ತಪ್ಪು ನೂಲಿನದಲ್ಲ.

ನೀಲಿ ಕೊಡೆ: ಹೌದು, ಕೂತಿದ್ದೆ. ನಡಿಗೆ ಮುಗಿಸಿ ಬಂದ ಕೂಡಲೇ ಮಗು ಹಾಲಿಗೆ ಅಳುತ್ತಿತ್ತು. 2 ಗಂಟೆಯವರೆಗೆ ಬಟ್ಟೆ ಬದಲಿಸಲು ಬಿಡುವೇ ಸಿಗುತ್ತಿರಲಿಲ್ಲ. ನಿಮ್ಮ ಎದೆಯ ರಕ್ತಕ್ಕೆ ವ್ಯಾಸಲೀನ್ ಯಾಕೆ ಮೊದಲೇ ಹಚ್ಚಲಿಲ್ಲ ಅಂತ ನಾನು ಕೇಳಿದೆನಾ?

ಕೂತು ಕೆಲಸ: ನೂಲಿನ ಜಗಳ ಬಿಡಿ, ಅಳತೆ ನೋಡಿ. ಸೊಂಟ 34 ಆದಮೇಲೂ ಹಠಕ್ಕೆ 32ರ ಪ್ಯಾಂಟ್ ಹಾಕುತ್ತಿದ್ದೆ. ಬಲ ತೊಡೆಯ ಹೊರಭಾಗ ಜೋಮು ಹಿಡಿಯಿತು. ಮುಟ್ಟಿದರೆ ಬೇರೆ ಯಾರದೋ ತೊಡೆ ಮುಟ್ಟಿದ ಹಾಗೆ. ಬೆನ್ನುಮೂಳೆ ಅಂದುಕೊಂಡು 5 ತಿಂಗಳು, 3 ಡಾಕ್ಟರು, 2 ಸ್ಕ್ಯಾನ್. ಕೊನೆಗೆ ಒಬ್ಬರು ಪ್ಯಾಂಟಿನ ಪಟ್ಟಿಯೊಳಗೆ ಬೆರಳು ತೂರಿಸಲು ನೋಡಿದರು, ತೂರಲಿಲ್ಲ. ಸೊಂಟದ ಮೂಳೆ ಪಕ್ಕದಿಂದ ತೊಡೆಗೆ ಇಳಿಯುವ ನರ ಅದುಮಿಕೊಂಡಿತ್ತು. ಸಡಿಲ ಪ್ಯಾಂಟ್ ಹಾಕಿದ 6 ವಾರಕ್ಕೆ ಸರಿಯಾಯಿತು.

ಸೋಪಿನ ನೊರೆ: ಒಗೆಯುವುದನ್ನು ಯಾರೂ ಹೇಳಲಿಲ್ಲ. ಪಾಲಿಯೆಸ್ಟರಿಗೆ ಬೆವರಿನ ಜಿಡ್ಡು ಹಿಡಿದರೆ ವಾಸನೆ ಬಿಡುವುದಿಲ್ಲ. ನಾನು ಸುಮ್ನೆ ಬಟ್ಟೆ ಮೆತ್ತಗಾಗಿಸುವ ಸಾಫ್ಟನರ್ ಸುರಿದೆ. ಅದು ಬಟ್ಟೆಯ ಮೇಲೆ ಪದರ ಕಟ್ಟಿತು, ಬೆವರು ಎಳೆಯುವುದೇ ನಿಂತಿತು. 7 ಟೀ ಶರ್ಟ್ ಹಾಳು. ಒಳಗಿನ ಮಗ್ಗುಲು ಹೊರಗೆ ಮಾಡಿ, ತಣ್ಣೀರಲ್ಲಿ ಒಗೆದು, ನೆರಳಲ್ಲಿ ಒಣಗಿಸಿ.

ಮುಂಜಾವಿನ ಓಟ: ಬಿಸಿ ನೀರಿಲ್ಲದೆ ಆ ವಾಸನೆ ಹೋಗುತ್ತಾ? ನಾನು ಬಿಸಿಯಲ್ಲೇ ನೆನೆಸುತ್ತೇನೆ.

ಸೋಪಿನ ನೊರೆ: ನೆನೆಸಿ ಸರ್, ನಿಮ್ಮ ಬಟ್ಟೆ. ಸ್ಪ್ಯಾಂಡೆಕ್ಸ್ ಅಂದರೆ ಹಿಗ್ಗುವ ನೂಲು ಇದ್ದರೆ ಬಿಸಿಗೆ ಎಲಾಸ್ಟಿಕ್ ಸಡಿಲಾಗುತ್ತದೆ. ನನ್ನ ಹೆಂಡತಿಯ ಸ್ಪೋರ್ಟ್ಸ್ ಬ್ರಾ ಮೂರಕ್ಕೂ ಹಾಗೇ ಆಯಿತು, ಓಡುವಾಗ ಎದೆನೋವು ಅಂತ ಅವಳು ಒಂದು ತಿಂಗಳು ಓಟವನ್ನೇ ಬಿಟ್ಟಿದ್ದಳು.

ನೀಲಿ ಕೊಡೆ: ಬಿಸಿ ನೀರು ಬೇಡ ಅನ್ನಬೇಡಿ. ಹುಳುಕಡ್ಡಿ ಇದ್ದಾಗ ನನ್ನ ಡಾಕ್ಟರು ಒಳಬಟ್ಟೆ ಬಿಸಿ ನೀರಲ್ಲೇ ಒಗೆಯಲು ಹೇಳಿದ್ದರು. ಎಲಾಸ್ಟಿಕ್ ಹೋದರೆ ಹೋಗಲಿ, ಆ ತುರಿಕೆ ಮತ್ತೆ ಬೇಡ.