ಮನೆಯಲ್ಲಿ ಲಾಗರ್ ಬಿಯರ್ ಮಾಡುವಾಗ ಉಷ್ಣಾಂಶ ಹಿಡಿದಿಡುವುದು ಹೇಗೆ?

ಪ್ರಶ್ನೆ: ನಾನು ಡಲ್ಲಾಸ್‌ನಲ್ಲಿದ್ದೇನೆ. ಎರಡು ವರ್ಷದಿಂದ ಮನೆಯಲ್ಲೇ ಏಲ್ (ಬೆಚ್ಚಗೆ ಹುದುಗುವ ಬಿಯರ್) ಮಾಡುತ್ತಿದ್ದೇನೆ. ಈಗ ಮೊದಲ ಸಲ ಪಿಲ್ಸ್ನರ್ (ತಂಪಿನಲ್ಲಿ ಹುದುಗುವ ಒಂದು ಲಾಗರ್) ಮಾಡಿದೆ, 20 ಲೀಟರ್. ಗ್ಯಾರೇಜಿನ ಹಳೇ ಫ್ರಿಡ್ಜ್‌ಗೆ ಉಷ್ಣಾಂಶದ ಕಂಟ್ರೋಲರ್ ಹಾಕಿ 12 ಡಿಗ್ರಿ ಸೆಲ್ಸಿಯಸ್‌ನಲ್ಲೇ ಇಟ್ಟಿದ್ದೆ. ಎರಡು ವಾರ ಆಯಿತು, ರುಚಿ ನೋಡಿದರೆ ಬೆಣ್ಣೆ ವಾಸನೆ. ಎಲ್ಲಿ ತಪ್ಪಿದೆ? ಮಾಡಿ ನೋಡಿದವರು ದಯವಿಟ್ಟು ಹೇಳಿ.

ಉತ್ತರ 1: ಸರ್, ನನಗೂ ಮೊದಲೆರಡು ಸಲ ಹೀಗೇ ಆಗಿತ್ತು. 12 ಡಿಗ್ರಿ ಅಂದಿರಲ್ಲ, ಅದನ್ನು ಅಳೆದದ್ದು ಎಲ್ಲಿ? ಸೆನ್ಸರ್ ಫ್ರಿಡ್ಜ್ ಒಳಗೆ ಸುಮ್ನೆ ತೂಗಾಡುತ್ತಿದ್ದರೆ ಅದು ಹೇಳುವುದು ಗಾಳಿಯ ಲೆಕ್ಕ. ಯೀಸ್ಟ್ ಸಕ್ಕರೆ ತಿನ್ನುವಾಗ ತಾನೇ ಬಿಸಿ ಹುಟ್ಟಿಸುತ್ತದೆ. ನನ್ನ ಫ್ರಿಡ್ಜ್‌ನ ಗಾಳಿ 12 ಇದ್ದಾಗ ಫರ್ಮೆಂಟರ್ (ಬಿಯರ್ ಹುದುಗುವ ಪಾತ್ರೆ) ಒಳಗೆ 15 ಇತ್ತು. ಈಗ ಸೆನ್ಸರನ್ನು ಫರ್ಮೆಂಟರ್‌ನ ಹೊರಮೈಗೆ, ಒಳಗಿನ ದ್ರವದ ಅರ್ಧ ಎತ್ತರಕ್ಕೆ ಒತ್ತಿ ಇಡುತ್ತೇನೆ. ಅದರ ಮೇಲೆ ನಾಲ್ಕು ಮಡಿಕೆ ಬಬಲ್ ರ‍್ಯಾಪ್, ಸುತ್ತ ಬಿಗಿಯಾಗಿ ಟೇಪ್. ಇಷ್ಟೇ ಸಾಕು, ಒಳಗಿನ ಉಷ್ಣಾಂಶಕ್ಕೆ ತುಂಬಾ ಹತ್ತಿರದ ಅಂಕಿ ಸಿಗುತ್ತದೆ.

ಇನ್ನೊಂದು, ಯೀಸ್ಟ್ ಹಾಕುವಾಗ ವರ್ಟ್ (ಇನ್ನೂ ಹುದುಗದ ಸಿಹಿ ಮಾಲ್ಟ್ ರಸ) ಎಷ್ಟು ಬಿಸಿ ಇತ್ತು? ನಾನು 22 ಡಿಗ್ರಿಗೇ ಹಾಕಿ ಫ್ರಿಡ್ಜ್‌ಗೆ ಇಡುತ್ತಿದ್ದೆ. 20 ಲೀಟರ್ ತಣ್ಣಗಾಗಲು ಒಂದು ರಾತ್ರಿಯೇ ಬೇಕು. ಅಷ್ಟರಲ್ಲಿ ಬೆಚ್ಚಗೆ ಶುರುವಾದ ಯೀಸ್ಟ್ ಬೆಣ್ಣೆ ವಾಸನೆಗೆ ಬೇಕಾದ್ದನ್ನೆಲ್ಲ ಜಾಸ್ತಿ ಮಾಡಿಬಿಟ್ಟಿರುತ್ತದೆ. ಮೊದಲು 10 ಡಿಗ್ರಿಗೆ ಇಳಿಸಿ, ಮರುದಿನ ಬೆಳಿಗ್ಗೆ ಹಾಕಿ. ಪಾತ್ರೆ, ಮುಚ್ಚಳ ಶುದ್ಧವಾಗಿದ್ದರೆ ಒಂದು ರಾತ್ರಿ ಕಾದರೆ ಏನೂ ಆಗುವುದಿಲ್ಲ. ತಂಪಿನಲ್ಲಿ ಯೀಸ್ಟ್ ನಿಧಾನ, ಹಾಗಾಗಿ 20 ಲೀಟರ್‌ಗೆ ಒಣ ಯೀಸ್ಟ್ ಎರಡು ಪೊಟ್ಟಣ ಬೇಕು. ಏಲ್‌ಗೆ ಹಾಕಿದಂತೆ ಒಂದೇ ಹಾಕಬೇಡಿ.

ಆ ವಾಸನೆಗೆ ಡೈಅಸಿಟೈಲ್ ಅಂತ ಹೆಸರು, ನಿಜವಾದ ಬೆಣ್ಣೆಯಲ್ಲೂ ಇರುವಂಥದ್ದೇ. ಯೀಸ್ಟ್ ಅದನ್ನು ಮತ್ತೆ ತಿಂದು ಮುಗಿಸುತ್ತದೆ, ಆದರೆ ಅದಕ್ಕೆ ಸ್ವಲ್ಪ ಬೆಚ್ಚಗೆ ಬೇಕು. ಚಳಿಗಾಲದಲ್ಲಿ ದೋಸೆ ಹಿಟ್ಟು ಉಬ್ಬದಿದ್ದರೆ ಒಲೆ ಪಕ್ಕಕ್ಕೆ ಸರಿಸುತ್ತೇವೆ ಅಲ್ವಾ, ಹಾಗೆ. ಹೈಡ್ರೋಮೀಟರ್ (ದ್ರವದ ಸಾಂದ್ರತೆ ಅಳೆಯುವ ಸಾಧನ; ಸಕ್ಕರೆ ಕರಗಿದಂತೆ ಅಂಕಿ ಇಳಿಯುತ್ತದೆ) 1.050ರಿಂದ 1.020ರ ಹತ್ತಿರ ಬಂದಾಗ 16-18ಕ್ಕೆ ಏರಲು ಬಿಡಿ, ಮೂರು ದಿನ.

ಮುಗಿಯಿತಾ ಅಂತ ಹೀಗೆ ನೋಡಿ. ಎರಡು ಲೋಟಕ್ಕೆ ಸ್ವಲ್ಪ ಸ್ವಲ್ಪ ಬಿಯರ್ ಹಾಕಿ ಮುಚ್ಚಿ. ಒಂದನ್ನು 60 ಡಿಗ್ರಿ ಬಿಸಿನೀರಲ್ಲಿ 20 ನಿಮಿಷ ಇಟ್ಟು ಆರಿಸಿ. ಎರಡನ್ನೂ ಮೂಸಿ. ಬಿಸಿ ಮಾಡಿದ್ದರಲ್ಲಿ ಪಾಪ್‌ಕಾರ್ನ್ ವಾಸನೆ ಬಂದರೆ ಇನ್ನೂ ಕಾಯಬೇಕು. ಎರಡರಲ್ಲೂ ಬರದಿದ್ದರೆ ಮಾತ್ರ ದಿನಕ್ಕೆ ಎರಡು ಡಿಗ್ರಿಯಂತೆ ಇಳಿಸಿ, 1-2 ಡಿಗ್ರಿಯಲ್ಲಿ ನಾಲ್ಕು ವಾರ ಬಿಡಿ. ತಣ್ಣಗಾಗುವಾಗ ಫರ್ಮೆಂಟರ್ ಏರ್‌ಲಾಕ್‌ನ (ಗ್ಯಾಸ್ ಹೊರಹೋಗಲು ಮುಚ್ಚಳದಲ್ಲಿರುವ, ನೀರು ತುಂಬಿದ ಕೊಳವೆ) ನೀರನ್ನು ಒಳಗೆ ಎಳೆದುಕೊಳ್ಳುತ್ತದೆ, ಅದರ ಮೇಲೊಂದು ಕಣ್ಣಿರಲಿ.

ಈಗಿರುವ ಬಿಯರ್ ಚೆಲ್ಲಬೇಡಿ! ಯೀಸ್ಟ್ ಇನ್ನೂ ತಳದಲ್ಲಿದ್ದರೆ 18ಕ್ಕೆ ಏರಿಸಿ ಒಂದು ವಾರ ಬಿಡಿ.

ಉತ್ತರ 2: ನಮ್ಮದು ಮಿನಿಯಾಪೊಲಿಸ್. ಫ್ರಿಡ್ಜ್ ಇಲ್ಲ. ಜನವರಿಯಲ್ಲಿ ನೆಲಮಾಳಿಗೆಯ ಗೋಡೆ ಬದಿ 13 ಡಿಗ್ರಿ ಇರುತ್ತದೆ. ಫರ್ಮೆಂಟರನ್ನು ನೀರು ತುಂಬಿದ ಟಬ್‌ನಲ್ಲಿ ನಿಲ್ಲಿಸಿ, ಬೆಳಿಗ್ಗೆ ಸಂಜೆ ಒಂದೊಂದು ಐಸ್ ಬಾಟಲಿ ಹಾಕುತ್ತೇನೆ. ಅಷ್ಟು ನೀರು ಸುತ್ತ ಇದ್ದರೆ ಉಷ್ಣಾಂಶ ಥಟ್ಟನೆ ಏರಿಳಿಯುವುದಿಲ್ಲ. ಜೋರಾಗಿ ನೊರೆ ಏಳುವ ಮೊದಲ ನಾಲ್ಕು ದಿನ ಮಾತ್ರ ತಪ್ಪಿಸಬಾರದು.

ಉತ್ತರ 3: ಕೊಳೆತ ಮೊಟ್ಟೆ ವಾಸನೆ ಬಂದರೆ ಹೆದರಬೇಡಿ, ಲಾಗರ್ ಯೀಸ್ಟ್‌ಗೆ ಅದು ಸಹಜ, ತಂಪಿನಲ್ಲಿಟ್ಟರೆ ಹೋಗುತ್ತದೆ. ಫ್ರಿಡ್ಜ್ ಕೈಕೊಟ್ಟರೆ ಡಬ್ಲ್ಯೂ-34/70 ಅನ್ನುವ ಲಾಗರ್ ಯೀಸ್ಟ್ ಬಳಸಿ. 18ರವರೆಗೂ ಹೊಂದಿಕೊಳ್ಳುತ್ತದೆ.

ಕೇಳಿದವರು: ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಸೆನ್ಸರ್ ಗಾಳಿಯಲ್ಲೇ ಇತ್ತು, ಯೀಸ್ಟ್ ಹಾಕಿದ್ದು 21ಕ್ಕೆ. ಈಗ ತಾನೇ ಸೆನ್ಸರ್ ಪಾತ್ರೆಗೆ ಅಂಟಿಸಿ 18ಕ್ಕೆ ಇಟ್ಟು ಬಂದೆ. ಶನಿವಾರ ಎರಡು ಲೋಟ ಮೂಸಿ ನೋಡಿ ತಿಳಿಸುತ್ತೇನೆ.